ಕಬಡ್ಡಿ ಅಂಕಣಕ್ಕೆ ವೀರಗಲ್ಲು ಅಡ್ಡ ಬಂದರೆ

ಊರ ಮೈದಾನದಲ್ಲಿ ಕಬಡ್ಡಿ ಅಂಕಣ ಹಾಕಲು ವೀರಗಲ್ಲು (ಹೋರಾಡಿ ಮಡಿದ ವೀರರ ನೆನಪಿಗೆ ನೆಟ್ಟ ಹಳೆಯ ಶಿಲ್ಪದ ಕಲ್ಲು) ಅಡ್ಡವಿದೆ, ಜೆಸಿಬಿಯಿಂದ ಸರಿಸಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಕಲ್ಲಿನ ಬುಡ ಮಣ್ಣೊಳಗೆ ಹೂತಿರುತ್ತದೆ; ಬಕೆಟ್ ತಾಗಿಸಿ ಎಳೆದರೆ ನೆಲಮಟ್ಟದಲ್ಲೇ ಮುರಿಯಬಹುದು. ಶಾಸನವಿದ್ದರೆ ಅದು ಸಾಮಾನ್ಯವಾಗಿ ಶಿಲ್ಪದ ಅಂತಸ್ತುಗಳ ನಡುವಿನ ಕಿರುಪಟ್ಟಿಯಲ್ಲಿರುತ್ತದೆ, ಉಜ್ಜಿದರೆ ಅಕ್ಷರವೇ ಮೊದಲು ಹೋಗುವುದು.

ಕಲ್ಲಲ್ಲ, ಅಂಕಣ ಸರಿಯಲಿ. ಪುರುಷರ ಅಂಕಣ 13 ಮೀ. ಉದ್ದ, 10 ಮೀ. ಅಗಲ, ಅದರಾಚೆ ನಾಲ್ಕೂ ಕಡೆ ಕನಿಷ್ಠ 4 ಮೀ. ಖಾಲಿ ಬಿಡಿ. ಹಿಡಿತ ತಪ್ಪಿಸಿಕೊಂಡು ಓಡುವ ರೈಡರ್‌ಗೆ ಗೆರೆಯಲ್ಲೇ ನಿಲ್ಲಲು ಆಗುವುದಿಲ್ಲ, ತಲೆ ಕಲ್ಲಿಗೆ ಬಡಿದೀತು.

ಮೊದಲು ಪಹಣಿ ತೆಗೆಸಿ, ಜಾಗ ಯಾರ ಹೆಸರಿನಲ್ಲಿದೆ ನೋಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೈನಕ್ಷೆ ಸಮೇತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಒಪ್ಪಿಗೆ ಅಧ್ಯಕ್ಷರು ಬದಲಾದರೆ ಮುಗೀತು. ಒಂದು ಪ್ರತಿ, ಫೋಟೊ ಸಹಿತ, ರಾಜ್ಯ ಪುರಾತತ್ವ ಇಲಾಖೆಗೂ ಹೋಗಲಿ.

ಫೋಟೊವನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತೆಗೆಯಿರಿ, ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಸುಣ್ಣ, ಎಣ್ಣೆ, ಪೇಂಟ್ ಮಾತ್ರ ಬಳಿಯಬೇಡಿ. ಬುಡಕ್ಕೆ ಸಿಮೆಂಟೂ ಬೇಡ.