ಗಾಡಿ ವ್ಯಾಪಾರ ಮಾಡುವ ಚಿಕ್ಕಮ್ಮನಿಗೆ ಬ್ಯಾಂಕ್ ಸಾಲ ಸಿಗುತ್ತಿಲ್ಲ, ಯಾವ ಯೋಜನೆಗೆ ಅರ್ಜಿ ಹಾಕಬೇಕು?

ನಿಮ್ಮ ಚಿಕ್ಕಮ್ಮ ದಾವಣಗೆರೆಯಲ್ಲಿ ಸಂಜೆ ಮಿರ್ಚಿ-ಮಂಡಕ್ಕಿ ಗಾಡಿ ಇಡುತ್ತಾರೆ. ಡೈಲಿ ಫೈನಾನ್ಸಿನ ಸಾಲದ ಮೇಲೆ ವ್ಯಾಪಾರ ನಡೆಯುತ್ತಿದೆ. ಬ್ಯಾಂಕಿನವರು ಎರಡು ಸಲ ವಾಪಸ್ ಕಳಿಸಿದ್ದಾರೆ. ಈಗ ಸಣ್ಣ ಅಂಗಡಿ ಹಿಡಿಯಲು ಎರಡು ಲಕ್ಷ ಬೇಕು, ಯಾವ ಯೋಜನೆ ಒಳ್ಳೆಯದು ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ.

ನಾನು ಇದೇ ಊರಲ್ಲಿ ಹದಿನಾಲ್ಕು ವರ್ಷ ಪಿಗ್ಮಿ ಕಲೆಕ್ಷನ್, ಅಂದರೆ ದಿನಾ ಬಾಗಿಲಿಗೆ ಹೋಗಿ ಉಳಿತಾಯದ ದುಡ್ಡು ತರುವ ಕೆಲಸ, ಮಾಡಿದವನು. ಹೂವಿನವರು, ಸೊಪ್ಪಿನವರು, ಮಂಡಕ್ಕಿ ಭಟ್ಟಿಯವರು, ಎಲ್ಲರಿಗೂ ನಾನು 'ಪಿಗ್ಮಿ ಅಣ್ಣ'. ಈಗ ಆ ಕೆಲಸ ಬಿಟ್ಟಿದ್ದೇನೆ. ಗೊತ್ತಿದ್ದವರಿಗೆ ಅರ್ಜಿ ತುಂಬಿಕೊಡುತ್ತೇನೆ, ಬೇಕೆಂದರೆ ಬ್ಯಾಂಕಿಗೆ ಜೊತೆಗೂ ಹೋಗುತ್ತೇನೆ. ನನಗೆ ಗೊತ್ತಿರುವುದೆಲ್ಲ ಹಾಗೆ ಬಂದದ್ದು.

ಮೊದಲು ಆ ಡೈಲಿ ಫೈನಾನ್ಸಿನ ಲೆಕ್ಕ ಹಾಕೋಣ. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ: ಹತ್ತು ಸಾವಿರ ಸಾಲ ಎನ್ನುತ್ತಾರೆ, ₹1,500 ಮೊದಲೇ ಹಿಡಿದುಕೊಂಡು ₹8,500 ಕೈಗೆ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಕೇಳಿದರೆ 'ಬರೀ ಹದಿನೈದು ಪರ್ಸೆಂಟ್' ಅನ್ನಿಸುತ್ತದೆ, ಅಲ್ವಾ? ಆದರೆ ಅಸಲು ದಿನಾ ಕರಗುತ್ತಾ ಹೋಗುತ್ತದೆ, ಮತ್ತೆ ಇದು ಮೂರು ತಿಂಗಳ ಚಿಲ್ಲರೆ ಅವಧಿ ಅಷ್ಟೇ. ಸರಿಯಾಗಿ ಕೂಡಿ ಕಳೆದರೆ ವರ್ಷಕ್ಕೆ 120 ಪರ್ಸೆಂಟ್ ಹತ್ತಿರ ಬರುತ್ತದೆ. ವರ್ಷಕ್ಕೆ ಮೂರು ಸಲ ಹೀಗೆ ತಿರುಗಿಸಿದರೆ ಬಡ್ಡಿಯೇ ₹4,500. ಅದೇ ₹15,000 ಬ್ಯಾಂಕಿನಲ್ಲಿ 12 ಪರ್ಸೆಂಟಿಗೆ ಸಿಕ್ಕು, ಹನ್ನೆರಡು ಕಂತಿನಲ್ಲಿ ತೀರಿಸಿದರೆ ಇಡೀ ವರ್ಷದ ಬಡ್ಡಿ ಸಾವಿರ ರೂಪಾಯಿ ದಾಟುವುದಿಲ್ಲ.

ಈ ಲೆಕ್ಕ ಚಿಕ್ಕಮ್ಮನಿಗೆ ಗೊತ್ತಿಲ್ಲ ಅಂತ ತಿಳಿಯಬೇಡಿ. ಚೆನ್ನಾಗಿ ಗೊತ್ತಿರುತ್ತದೆ. ಫೈನಾನ್ಸಿನವನು ಗಾಡಿ ಹತ್ತಿರ ಬರುತ್ತಾನೆ, ಆಧಾರ್ ಕೇಳುವುದಿಲ್ಲ, ಕೇಳಿದ ದಿನವೇ ಕೊಡುತ್ತಾನೆ. ಬ್ಯಾಂಕಿಗೆ ಹೋಗಬೇಕೆಂದರೆ ಅರ್ಧ ದಿನದ ಕೆಲಸ ಬಿಡಬೇಕು. ಮಿರ್ಚಿ ಗಾಡಿಯವರಿಗೆ ಬೆಳಗ್ಗೆ ಬಿಡುವು ಅಂತ ಜನ ಅಂದುಕೊಳ್ಳುತ್ತಾರೆ. ಸಾಮಾನು ತರುವುದು, ಮೆಣಸಿನಕಾಯಿ ಸೀಳುವುದು, ಚಟ್ನಿ ರುಬ್ಬುವುದು ಎಲ್ಲ ಆಗಲೇ ಇರುತ್ತದೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನವರು ಇದನ್ನು ಬೇಗ ಅರ್ಥ ಮಾಡಿಕೊಂಡಿದ್ದರು. 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯೋಜನೆ ಯಾವುದು ಅನ್ನುವುದು ಎರಡನೇ ಮಾತು. ಚಿಕ್ಕಮ್ಮ ಎಷ್ಟು ವರ್ಷದಿಂದ ಗಾಡಿ ಇಟ್ಟಿದ್ದರೂ ಅದು ಕಾಗದದ ಮೇಲೆ ಎಲ್ಲೂ ಕಾಣುವುದಿಲ್ಲ. ಮ್ಯಾನೇಜರ್ ಮೇಜಿನ ಮೇಲೆ ಬರುವುದು ಕಾಗದ ಮಾತ್ರ. ಹಾಗಾಗಿ ಎರಡು ಸಲ ಯಾಕೆ ವಾಪಸ್ ಕಳಿಸಿದರು ಅನ್ನುವುದನ್ನು ಮೊದಲು ಹುಡುಕಿ.

ಅದಕ್ಕೆ ಅವರ ಕ್ರೆಡಿಟ್ ರಿಪೋರ್ಟ್, ಅಂದರೆ ಅವರ ಹೆಸರಲ್ಲಿರುವ ಸಾಲ ಮತ್ತು ಕಂತು ಕಟ್ಟಿದ ದಾಖಲೆ, ತೆಗೆಯಿರಿ. ನಾವು 'ಸಿಬಿಲ್' ಅನ್ನುತ್ತೇವೆ, ಆದರೆ ಅಂಥ ಕಂಪನಿ ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಎಳನೀರು ಮಾರುವ ಒಬ್ಬ ಅಕ್ಕನ ಜೊತೆ ನಾನು ಮೂರು ಬ್ಯಾಂಕ್ ಅಲೆದಿದ್ದೆ. ಎಲ್ಲ ಕಡೆ 'ಆಗಲ್ಲಮ್ಮ' ಅಷ್ಟೇ, ಕಾರಣ ಯಾರೂ ಹೇಳಲಿಲ್ಲ. ಕೊನೆಗೆ ರಿಪೋರ್ಟ್ ತೆಗೆದು ನೋಡಿದರೆ, ಮಗ ಅವರ ಹೆಸರಲ್ಲಿ ಮೊಬೈಲ್ ಕಂತಿಗೆ ತೆಗೆದುಕೊಂಡು ಕೊನೆಯ ಎರಡು ಕಂತು ಕಟ್ಟಿರಲಿಲ್ಲ. ಆ ಅಕ್ಕನಿಗೆ ತಮ್ಮ ಹೆಸರಲ್ಲಿ ಸಾಲ ಇದೆ ಅಂತಲೇ ಗೊತ್ತಿರಲಿಲ್ಲ. ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಂಡು, ರಿಪೋರ್ಟ್ ಸರಿಯಾಗಲು ಒಂದಷ್ಟು ಕಾಲ ಹಿಡಿಯಿತು. ಆಮೇಲೆ ಸಾಲ ಸಿಕ್ಕಿತು. ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಇದ್ದರೆ ಅದೂ ಈ ರಿಪೋರ್ಟಿನಲ್ಲಿ ಬರುತ್ತದೆ. ಆ ಸಾಲಕ್ಕೆ ಒಂದು ಮಿತಿ ಇದೆ: ಮನೆಯ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು.

ಇನ್ನೊಂದು, ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ನಗಬೇಡಿ. ನಾನು ಕಂಡ ಅರ್ಜಿಗಳಲ್ಲಿ ಜಾಸ್ತಿ ನಿಂತುಹೋಗುವುದು ಇಲ್ಲೇ. ಓಟಿಪಿ ಎಂದೋ ಬಿಸಾಡಿದ ಸಿಮ್‌ಗೆ ಹೋಗುತ್ತಿರುತ್ತದೆ.

ಇದಾದ ಮೇಲೆ ಮೊದಲ ಮೆಟ್ಟಿಲು ಪಿಎಂ ಸ್ವನಿಧಿ. ಕೊರೊನಾ ಸಮಯದಲ್ಲಿ, 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದೇ ಶುರುವಾದದ್ದು. ಆಗ ಮೊದಲ ಸಾಲ ₹10,000 ಇತ್ತು. 2025ರಲ್ಲಿ ಅದನ್ನು ₹15,000 ಮಾಡಿದರು, ತೀರಿಸಿದರೆ ₹25,000, ಅದನ್ನೂ ತೀರಿಸಿದರೆ ₹50,000. ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ. ಅಡಮಾನ ಬೇಡ. ಸರಿಯಾಗಿ ಕಟ್ಟಿದರೆ ವರ್ಷಕ್ಕೆ 7 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ ಸಹಾಯಧನ ಖಾತೆಗೆ ವಾಪಸ್ ಬರುತ್ತದೆ. ಇದಕ್ಕೆ ಮಹಾನಗರ ಪಾಲಿಕೆಯ ಬೀದಿ ವ್ಯಾಪಾರಿ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಬೇಕು. ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಪಾಲಿಕೆಯಿಂದ ಶಿಫಾರಸು ಪತ್ರ ತೆಗೆದುಕೊಳ್ಳಬಹುದು. ಈ ಪ್ರಮಾಣಪತ್ರ ಸಾಲಕ್ಕೆ ಮಾತ್ರ ಅಂತಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸುಮ್ನೆ ಬಂದು ಗಾಡಿ ಎತ್ತಿಹಾಕುವುದನ್ನು ತಡೆಯಲು ಇರುವ ಆಧಾರವೂ ಅದೇ.

'ಎರಡು ಲಕ್ಷ ಕೇಳಿದರೆ ಹದಿನೈದು ಸಾವಿರದ ಕಥೆ ಹೇಳುತ್ತಾನಲ್ಲ' ಅನ್ನಿಸಬಹುದು. ಈ ಹಣ ಅಂಗಡಿಗಲ್ಲ, ಡೈಲಿ ಫೈನಾನ್ಸ್ ತೀರಿಸಿ ಎದ್ದು ನಿಲ್ಲಲು. ಒಂದು ವರ್ಷ ತಪ್ಪದೆ ಕಟ್ಟಿದರೆ ಚಿಕ್ಕಮ್ಮನ ಹೆಸರಲ್ಲಿ ಒಳ್ಳೆಯ ದಾಖಲೆ ಹುಟ್ಟುತ್ತದೆ.

ಅಂಗಡಿಗೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಸರಿ. 2015ರಿಂದ ಇದೆ. ₹50,000ವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ನೀವು ಹೇಳುವ ಎರಡು ಲಕ್ಷ ಕಿಶೋರದಲ್ಲಿ ಬರುತ್ತದೆ. ಅಡಮಾನ ಕೇಳುವಂತಿಲ್ಲ. ಆದರೆ ಮುದ್ರಾದಲ್ಲಿ ಸಬ್ಸಿಡಿ ಇಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗಾಡಿಗೆ ಅಂಟಿಸಬೇಕು ಅನ್ನಿಸುತ್ತದೆ ನನಗೆ, ಯಾಕೆಂದರೆ 'ಮುದ್ರಾದಲ್ಲಿ ಅರ್ಧ ಮಾಫಿ, ಐದು ಪರ್ಸೆಂಟ್ ನಮಗೆ ಕೊಡಿ' ಅನ್ನುವ ಬ್ರೋಕರ್‌ಗಳು ಊರು ತುಂಬ ಇದ್ದಾರೆ. ಸಣ್ಣ ವ್ಯಾಪಾರವನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಯೂ ಪೂರ್ತಿ ಉಚಿತ. ಜಿಎಸ್‌ಟಿ ಇಲ್ಲದ ಸಣ್ಣವರಿಗೆ ಉದ್ಯಮ್ ಅಸಿಸ್ಟ್ ಅಂತಿದೆ, ಬ್ಯಾಂಕಿನವರ ಮೂಲಕವೇ ಆಗುತ್ತದೆ. ಅದಕ್ಕೆ ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ.

ಸಬ್ಸಿಡಿಯೇ ಬೇಕೆಂದರೆ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಇದೆ. ಮೂರು ಲಕ್ಷದವರೆಗೆ ಸಾಲ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ, ಉಳಿದವರಿಗೆ ಶೇ. 30 ಸಹಾಯಧನ. ವಯಸ್ಸು 18ರಿಂದ 55ರೊಳಗಿರಬೇಕು, ಆದಾಯದ ಮಿತಿ ಇದೆ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಕೊಡುವ ಸಂಖ್ಯೆ ಕಡಿಮೆ, ಕೇಳುವವರು ಜಾಸ್ತಿ.

ಎಷ್ಟು ಕೇಳಬೇಕು ಅನ್ನುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಒಬ್ಬ ಜ್ಯೂಸ್ ಅಂಗಡಿಯವರಿಗೆ ಬೇಕಿದ್ದದ್ದು ನಲವತ್ತು ಸಾವಿರ. 'ಕೊಡುವಾಗ ಲಕ್ಷ ಕೇಳಿಬಿಡಿ, ಮತ್ತೆ ಮತ್ತೆ ಯಾರು ಅಲೆಯುತ್ತಾರೆ' ಎಂದು ನಾನೇ ಹೇಳಿದೆ. ಸಿಕ್ಕಿತು. ದೊಡ್ಡ ಫ್ರಿಜ್ ತಂದರು. ಮಳೆಗಾಲ ಬಂತು, ಜ್ಯೂಸ್ ಕುಡಿಯುವವರಿಲ್ಲ, ಕಂತು ಮಾತ್ರ ತಪ್ಪದೆ ಬಂತು. ಕೊನೆಗೆ ಫ್ರಿಜ್ ಅರ್ಧ ಬೆಲೆಗೆ ಹೋಯಿತು. ಇವತ್ತಿಗೂ ಅವರ ಅಂಗಡಿ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತೇನೆ.

ಎರಡು ಲಕ್ಷಕ್ಕೆ 12 ಪರ್ಸೆಂಟ್, ಐದು ವರ್ಷ ಎಂದುಕೊಂಡರೆ ತಿಂಗಳಿಗೆ ಸುಮಾರು ₹4,450 ಕಂತು. ದಿನಕ್ಕೆ ನೂರೈವತ್ತು. ಇದರ ಮೇಲೆ ಅಂಗಡಿ ಬಾಡಿಗೆ, ಕರೆಂಟ್. ಗಾಡಿಗೆ ಇವು ಯಾವುದೂ ಇರಲಿಲ್ಲ. ಚಿಕ್ಕಮ್ಮನ ಜೊತೆ ಕೂತು, ಈಗಿನ ವ್ಯಾಪಾರ ಅಷ್ಟೇ ಇದ್ದರೆ ಕಟ್ಟಲು ಆಗುತ್ತದಾ ಅಂತ ಕೇಳಿ. ಮತ್ತೊಂದು ವಿಷಯ, ಬ್ಯಾಂಕಿನವರು ಒಲೆ, ಫ್ರಿಜ್, ಕೌಂಟರ್ ಇಂಥದ್ದಕ್ಕೆ ಕೊಟೇಶನ್ ಕೇಳಿ ಸಾಮಾನ್ಯವಾಗಿ ಹಣವನ್ನು ಮಾರುವವರ ಖಾತೆಗೇ ಹಾಕುತ್ತಾರೆ. ಅಂಗಡಿ ಅಡ್ವಾನ್ಸ್ ಕೈಯಿಂದಲೇ ಹಾಕಬೇಕಾಗುತ್ತದೆ ಎಂದುಕೊಳ್ಳಿ. ನೀವು ಸಹಾಯ ಮಾಡುವುದಿದ್ದರೆ ಅಲ್ಲಿ ಮಾಡಿ.

ವ್ಯಾಪಾರಕ್ಕೆ ಬೇರೆ ಖಾತೆ ಇರಲಿ, ಕ್ಯೂಆರ್ ಕೋಡ್ ಆ ಖಾತೆಯದ್ದೇ ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಕೊಟ್ಟ ಜಿಎಸ್‌ಟಿ ನೋಟಿಸ್ ಗಲಾಟೆ ಆದಾಗ ಬೆಂಗಳೂರಿನ ಅಂಗಡಿಗಳವರು ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದು ನಿಮಗೂ ನೆನಪಿರಬೇಕು. ಆ ಹೆದರಿಕೆ ಇಲ್ಲಿಗೂ ಬಂದಿತ್ತು. ಆದರೆ ತಿಂಡಿ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಅದನ್ನು ಮುಟ್ಟಲು ಒಂದು ದಿನವೂ ರಜೆ ಇಲ್ಲದೆ ದಿನಕ್ಕೆ ಸುಮಾರು ₹5,500 ವ್ಯಾಪಾರ ಆಗಬೇಕು. ಅಷ್ಟು ಆಗುತ್ತಿಲ್ಲ ಎಂದರೆ ಕೋಡ್ ಕೀಳುವುದರಿಂದ ಕಳೆದುಕೊಳ್ಳುವುದು ಅವರೇ. ಆರು ತಿಂಗಳ ಸ್ಟೇಟ್‌ಮೆಂಟ್‌ಗಿಂತ ಚೆನ್ನಾಗಿ ಅವರ ವ್ಯಾಪಾರವನ್ನು ಮ್ಯಾನೇಜರ್‌ಗೆ ಹೇಳುವವರು ಯಾರೂ ಇಲ್ಲ. ನಗದು ಬಂದದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ, ಪಿಗ್ಮಿಯೂ ಕಟ್ಟಲಿ. ಕೈ ಕಟ್ಟಿದ ದಿನ ಪಿಗ್ಮಿ ಮೇಲೆ ಸಾಲ ಸಿಗುತ್ತದೆ, ಫೈನಾನ್ಸಿನವನನ್ನು ಕರೆಯಬೇಕಾಗುವುದಿಲ್ಲ.

ಫೈನಾನ್ಸಿನವನ ಜೊತೆ ಜಗಳ ಬೇಡ, ತೀರಿಸಿ ಕೈ ತೊಳೆದುಕೊಳ್ಳಿ. ಮನೆ ಮುಂದೆ ಬಂದು ಕೂಗಾಡುವುದು, ಬೆದರಿಸುವುದು ಮಾಡಿದರೆ ಮಾತ್ರ ಪೊಲೀಸ್ ಠಾಣೆಗೆ ಹೋಗಿ. 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಲ್ಲಿ ಅದಕ್ಕೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ.

ಬ್ಯಾಂಕಿನವರು ಮತ್ತೆ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಕೊಡಬೇಕು ಅಂತ ನಿಯಮವೇ ಇದೆ. 'ಬರೆದುಕೊಡಿ ಸಾರ್' ಎಂದ ಕೂಡಲೇ ಅರ್ಜಿ ಮತ್ತೆ ಮೇಜಿನ ಮೇಲೆ ಬಂದದ್ದನ್ನು ನಾನು ನೋಡಿದ್ದೇನೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ನೀವು ಒಂದು ದಿನ ರಜೆ ಹಾಕಿ ಊರಿಗೆ ಬನ್ನಿ. ಚಿಕ್ಕಮ್ಮನ ಖಾತೆ ಇರುವ ಶಾಖೆಗೇ ಹೋಗಿ. ಪಕ್ಕದಲ್ಲಿ ಕೂತಿರಿ, ಆದರೆ ವ್ಯಾಪಾರದ ಬಗ್ಗೆ ಅವರೇ ಮಾತಾಡಲಿ. ದಿನಕ್ಕೆ ಎಷ್ಟು ಕಡ್ಲೆಹಿಟ್ಟು, ಎಷ್ಟು ಎಣ್ಣೆ, ಸಿಲಿಂಡರ್ ಎಷ್ಟು ದಿನ ಬರುತ್ತದೆ ಅಂತ ಅವರು ಹೇಳುವಾಗ ಮ್ಯಾನೇಜರ್ ತಲೆ ಎತ್ತಿ ನೋಡುತ್ತಾರೆ. ನೀವು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಸಾಲ ನಿಮಗೆ ಬೇಕೇನೋ ಅಂದುಕೊಳ್ಳುತ್ತಾರೆ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಬ್ಯಾಂಕಿನೊಳಗೆ ನಿಲ್ಲಲೂ ಜಾಗ ಇರುವುದಿಲ್ಲ.