ಬ್ರಿಟಿಷರ ಕಾಲದ ಕಟ್ಟಡಗಳ ಗೋಡೆಗೆ ಸಿಮೆಂಟ್ ಯಾಕೆ ಮೆತ್ತಬಾರದು?

ಹಳೆಯ ಕೋರ್ಟು, ಟೌನ್‌ಹಾಲ್, ರೈಲ್ವೆ ನಿಲ್ದಾಣಗಳ ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಿದರೆ ಸಾಲದೇ, ಸುಣ್ಣದ ಗಾರೆಯೇ ಯಾಕೆ ಬೇಕು ಅಂತ ಕೇಳಿದ್ದೀರಿ.

ಸಿಮೆಂಟ್ ಜಾಸ್ತಿ ಗಟ್ಟಿ, ತೇವವನ್ನು ಸುಲಭವಾಗಿ ಹೊರಬಿಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ (ಇಂದಿನ ಸಾಮಾನ್ಯ ಸಿಮೆಂಟಿನ ಮೂಲ ಇದೇ) ಇಂಗ್ಲೆಂಡಿನ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್ಡಿನ್ 1824ರಲ್ಲೇ ಪೇಟೆಂಟ್ ಪಡೆದಿದ್ದ. ಆದರೂ 19ನೇ ಶತಮಾನದ ಇಂಥ ಕಟ್ಟಡಗಳಲ್ಲಿ ಹೆಚ್ಚಿನವು ಎದ್ದದ್ದು ಸುಣ್ಣದ ಗಾರೆಯಲ್ಲೇ. ಈ ಗಾರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೆಲದಿಂದ ಏರಿದ ತೇವ ಅವುಗಳ ಮೂಲಕ ಹೊರಬಂದು ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ತೇವ ಇಟ್ಟಿಗೆಯೊಳಗೇ ಉಳಿಯುತ್ತದೆ, ಅದರ ಜೊತೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಗಾರೆ ಉದುರಿದರೆ ಮತ್ತೆ ತುಂಬಬಹುದು. ನೂರೈವತ್ತು ವರ್ಷದ ಇಟ್ಟಿಗೆಯನ್ನು ಎಲ್ಲಿಂದ ತರೋಣ?

ಸುಣ್ಣಕ್ಕೆ ಇನ್ನೊಂದು ಗುಣವಿದೆ, ನನಗೆ ತುಂಬ ಇಷ್ಟವಾದದ್ದು. ಕೂದಲೆಳೆಯಷ್ಟು ಸಣ್ಣ ಬಿರುಕಾದರೆ, ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಸಂದನ್ನು ಮುಚ್ಚುತ್ತದೆ.

ಇಂಥ ಕಟ್ಟಡ ನೋಡಲು ಹೋದಾಗ ಗೋಪುರ, ಗಡಿಯಾರ ನೋಡಿ ಸುಮ್ನೆ ಹೊರಟುಬಿಡಬೇಡಿ. ಗೋಡೆಯ ಬುಡದ ಹತ್ತಿರ ಕೂತು ನೋಡಿ. ಬೂದು ಬಣ್ಣದ ತೇಪೆ, ಅದರ ಅಂಚಿನಲ್ಲಿ ಬಿಳಿ ಪುಡಿ, ಪಕ್ಕದಲ್ಲಿ ಪದರ ಪದರವಾಗಿ ಏಳುತ್ತಿರುವ ಇಟ್ಟಿಗೆ ಕಂಡರೆ ಯಾರೋ ಸಿಮೆಂಟ್ ಮೆತ್ತಿರುವ ಸಾಧ್ಯತೆ ಜಾಸ್ತಿ. ಕೈ ಹಾಕಿ ಕೆರೆಯಬೇಡಿ. ಒಂದು ಫೋಟೋ ತೆಗೆದು, ಕಟ್ಟಡ ನೋಡಿಕೊಳ್ಳುವವರಿಗೆ ಜಾಗ ತೋರಿಸಿ.