ಫೆಡರಲ್ (ಕೇಂದ್ರದ) ಕಾನೂನು ಇರುವಾಗ ಅಮೆರಿಕದ ಫಾಸ್ಟರ್ ಕೇರ್ (ಹೆತ್ತವರಿಂದ ಬೇರ್ಪಟ್ಟ ಮಕ್ಕಳಿಗೆ ಸರ್ಕಾರ ಏರ್ಪಡಿಸುವ ತಾತ್ಕಾಲಿಕ ಪಾಲನೆ) ಮಕ್ಕಳಿಗೆ ರಾಜ್ಯದ ಕಾನೂನು ಯಾಕೆ ಬೇಕು?

ಫೆಡರಲ್ ಕಾನೂನು ಚೌಕಟ್ಟು ಹಾಕುತ್ತದೆ, ಹಣ ಕೊಡುತ್ತದೆ. ಮಗುವಿನ ದಿನನಿತ್ಯದ ಹಣೆಬರಹ ಬಹುಪಾಲು ರಾಜ್ಯದ ಕೈಯಲ್ಲೇ. 1997ರ ಫೆಡರಲ್ ಕಾನೂನಿನ ಪ್ರಕಾರ ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಫಾಸ್ಟರ್ ಕೇರ್‌ನಲ್ಲಿದ್ದರೆ, ಕೆಲವು ವಿನಾಯಿತಿ ಬಿಟ್ಟು, ಹೆತ್ತವರ ಹಕ್ಕು ರದ್ದತಿಗೆ ರಾಜ್ಯ ಕೋರ್ಟಿಗೆ ಅರ್ಜಿ ಹಾಕಬೇಕು. ಇಷ್ಟು ದೊಡ್ಡ ವಿಷಯದಲ್ಲೂ ಮಗುವಿಗೆ ಸ್ವಂತ ವಕೀಲ ಕಡ್ಡಾಯವೇ ಎಂಬುದು ರಾಜ್ಯಕ್ಕೆ ಬಿಟ್ಟದ್ದು!

ಇನ್ನು ದುಡ್ಡಿನ ಮಾತು. ತಂದೆಯೋ ತಾಯಿಯೋ ತೀರಿಕೊಂಡ ಮಗುವಿಗೆ ಬರುವ ಸೋಷಿಯಲ್ ಸೆಕ್ಯುರಿಟಿ (ಕೇಂದ್ರದ ಸಾಮಾಜಿಕ ಭದ್ರತೆ) ಹಣವನ್ನು ಅದರದೇ ಪಾಲನೆಯ ಖರ್ಚಿಗೆಂದು ಹಲವು ರಾಜ್ಯಗಳು ಮುರಿದುಕೊಳ್ಳುತ್ತಿದ್ದವು. ಮೇರಿಲ್ಯಾಂಡ್ 2018ರಲ್ಲಿ ಕಾನೂನು ತಂದು ಇದಕ್ಕೆ ಕಡಿವಾಣ ಹಾಕಿತು.

ಇಂಥ ಕಾನೂನು ಕೇಳಲು ರಾಜ್ಯದ ಶಾಸಕರನ್ನು ಕಾಣುವಾಗ 'ಮಕ್ಕಳನ್ನು ಕಾಪಾಡಿ' ಅಂದರೆ ತಲೆಯಾಡಿಸಿ ಕಳಿಸುತ್ತಾರೆ. ಯಾವ ಕಲಮು, ಏನು ತಿದ್ದುಪಡಿ, ಖರ್ಚೆಷ್ಟು ಎಂದು ಬರೆದುಕೊಂಡೇ ಹೋಗಿ. ಫಾಸ್ಟರ್ ಕೇರ್‌ನಲ್ಲಿ ಬೆಳೆದವರು ಜೊತೆಗಿದ್ದರೆ ಇನ್ನೂ ಒಳ್ಳೆಯದು.